ಫೈರ್‌ಪ್ಲೇಸ್ ಇರುವ ಕೋಣೆಯಲ್ಲಿ ಟಿವಿ, ಸ್ಪೀಕರ್ ಎಲ್ಲಿಡೋದು? ನೀಲಗಿರಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಊಟಿ, ಕೂನೂರು, ಕೋಟಗಿರಿ ಸುತ್ತಮುತ್ತ ಮನೆಗಳಿಗೆ ಟಿವಿ, ಸ್ಪೀಕರ್ ಕೂರಿಸುವ ಕೆಲಸ ನನ್ನದು. ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಕಡೆಯಿಂದ ಬೆಟ್ಟ ಹತ್ತಿ ಬಂದು ಇಲ್ಲೇ ನೆಲೆಸಿದ ಕನ್ನಡದವರ ಮನೆಗಳಿಗೇ ಜಾಸ್ತಿ ಹೋಗುತ್ತೇನೆ. ಬಯಲಿನಲ್ಲಿ ಯಾರೂ ಕೇಳದ ಪ್ರಶ್ನೆ ಇಲ್ಲಿ ಮನೆಮನೆಯಲ್ಲೂ ಬರುತ್ತದೆ: "ಫೈರ್‌ಪ್ಲೇಸ್ ಇದೆಯಲ್ಲಾ ಸಾರ್, ಟಿವಿ ಎಲ್ಲಿಡೋದು?" ಮನೆಯಲ್ಲಿ, ಫೋನಿನಲ್ಲಿ, ಮಾರ್ಕೆಟ್‌ನಲ್ಲಿ ತರಕಾರಿ ಆರಿಸುತ್ತಾ ಕೇಳಿದವರ ಮಾತುಗಳನ್ನು ಆದಷ್ಟು ಅವರದೇ ಮಾತಿನಲ್ಲಿ ಇಟ್ಟಿದ್ದೇನೆ. ನಾನು ಟೇಪು ಹಿಡಿಯುವುದು ಅಡಿ, ಇಂಚಿನಲ್ಲಿ. ಇಲ್ಲಿನ ಅಳತೆಗಳೂ ಹಾಗೇ ಇವೆ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಂಕಿಯ ಬಾಯಿಯ ಮೇಲೆ ಚಾಚಿಕೊಂಡ ಹಲಗೆಗೆ ಮ್ಯಾಂಟಲ್ ಅನ್ನುತ್ತೇವೆ. ಅದರ ಮೇಲೆ ಸೂರಿನವರೆಗೆ ಹೋಗುವ, ಒಳಗೆ ಹೊಗೆದಾರಿ ಇರುವ ಭಾಗವನ್ನು ಚಿಮಣಿ ಗೋಡೆ ಅಂತ ಕರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ಹಾಲ್‌ನಲ್ಲಿ ಇರೋದೇ ಒಂದು ದೊಡ್ಡ ಗೋಡೆ, ಅದರ ಮಧ್ಯೆ ಫೈರ್‌ಪ್ಲೇಸ್. ಟಿವಿ ಅದರ ಮೇಲೇ ಹಾಕ್ಬಿಡ್ಲಾ?

ಬೆಂಕಿ ಉರಿಸುವ ಮನೆಯಾದರೆ ಬೇಡ. ಫೋಟೋದಲ್ಲಿ ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಎರಡು ತೊಂದರೆ ಇವೆ: ಬಿಸಿ ಮತ್ತು ಎತ್ತರ. ಬಿಸಿಯ ವಿಷಯಕ್ಕೆ ಮುಂದೆ ಬರುತ್ತೇನೆ, ಎತ್ತರದ ಲೆಕ್ಕ ಈಗಲೇ ಮಾಡೋಣ.

ಹಳೇ ಬಂಗಲೆಗಳಲ್ಲಿ ಮ್ಯಾಂಟಲ್ ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿರುತ್ತದೆ. ಅದರ ಮೇಲೆ ನಾಲ್ಕೈದು ಇಂಚು ಬಿಟ್ಟು 55 ಇಂಚಿನ ಟಿವಿ ಹಾಕಿದರೆ ಪರದೆಯ ನಡುಭಾಗ ಆರು ಅಡಿಗೆ ಹೋಗಿ ನಿಲ್ಲುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ಇರುವುದು ಮೂರೂ ಕಾಲು, ಮೂರೂವರೆ ಅಡಿಯಲ್ಲಿ. ಎಂಟು ಅಡಿ ದೂರದಿಂದ ನೋಡಿದರೆ ಕಣ್ಣನ್ನು 18, 19 ಡಿಗ್ರಿ ಮೇಲಕ್ಕೆ ಎತ್ತಬೇಕು. 15 ಡಿಗ್ರಿ ದಾಟಿದರೆ ಕುತ್ತಿಗೆ ನೋವು ಶುರು ಅಂತ ಈ ಕೆಲಸ ಮಾಡುವವರ ಲೆಕ್ಕ. ಬೆಂಕಿ ಮುಂದೆ ಚಾಪೆ ಹಾಸಿ, ಕಂಬಳಿ ಹೊದ್ದು ನೆಲದ ಮೇಲೆ ಕೂರುವವರಿಗಂತೂ ಇನ್ನೂ ಕಷ್ಟ. ಸಿನಿಮಾ ಮುಗಿಯುವ ಹೊತ್ತಿಗೆ ಕತ್ತು ಹಿಡಿದುಕೊಂಡಿರುತ್ತದೆ.

ಹಾಗಾದ್ರೆ ಎಲ್ಲಿಡೋದು, ನೀವೇ ಹೇಳಿ.

ನನ್ನ ಮೊದಲ ಆಯ್ಕೆ ಪಕ್ಕದ ಗೋಡೆ. ಅಂದರೆ ಫೈರ್‌ಪ್ಲೇಸ್ ಇರುವ ಗೋಡೆಗೆ ಮೂಲೆಯಲ್ಲಿ ಸೇರುವ ಗೋಡೆ. ಸೋಫಾ ಟಿವಿಗೆ ಎದುರಾಗಿ ಬರಲಿ, ಬೆಂಕಿ ಎಡಕ್ಕೋ ಬಲಕ್ಕೋ ಇರಲಿ. ಇನ್ನೊಂದೆರಡು ಕುರ್ಚಿ ಬೆಂಕಿಗೆ ಮುಖ ಮಾಡಿಕೊಂಡಿರಲಿ. ಡಿಸೆಂಬರ್, ಜನವರಿಯ ರಾತ್ರಿ ಮೈ ಬೆಚ್ಚಗಾಗಬೇಕು, ಸಂಜೆ ವಾರ್ತೆ, ಧಾರಾವಾಹಿಯೂ ಕಾಣಬೇಕು. ಹೀಗಿಟ್ಟರೆ ಎರಡೂ ಆಗುತ್ತದೆ. ಬೆಂಕಿಯ ಬಾಯಿಂದ ಟಿವಿಗೆ, ಸ್ಪೀಕರ್‌ಗೆ ಕನಿಷ್ಠ ಮೂರು ಅಡಿ ಬಿಡಿ. ಪಕ್ಕದ ಗೋಡೆಗೆ ಬೆಂಕಿಯ ಝಳ ನೇರವಾಗಿ ಬೀಳುವುದರಿಂದ ನಾಲ್ಕು ಅಡಿ ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೇ ಆಯ್ಕೆ, ಚಿಮಣಿ ಗೋಡೆಯ ಪಕ್ಕದ ಸಂದು. ಹಳೇ ಮನೆಗಳಲ್ಲಿ ಚಿಮಣಿ ಗೋಡೆ ಕೋಣೆಯೊಳಕ್ಕೆ ಒಂದು, ಒಂದೂವರೆ ಅಡಿ ಚಾಚಿಕೊಂಡು, ಎರಡೂ ಬದಿ ಗೂಡಿನಂಥ ಜಾಗ ಉಳಿದಿರುತ್ತದೆ. ಅಲ್ಲಿ ತಗ್ಗಿನ ಮೇಜು ಹಾಕಿ, ಟಿವಿಯನ್ನು ಸೋಫಾ ಕಡೆಗೆ ಸ್ವಲ್ಪ ತಿರುಗಿಸಿ ಇಡಬಹುದು. ಬೆಂಕಿಯ ಝಳ ಮುಂದಕ್ಕೆ ಬರುತ್ತದೆ, ಹಿಂದಕ್ಕೆ ಸರಿದ ಆ ಗೂಡಿಗೆ ಅಷ್ಟಾಗಿ ತಾಗುವುದಿಲ್ಲ. ಅಗಲ ಮಾತ್ರ ಮೊದಲೇ ಅಳೆಯಿರಿ. ಟಿವಿಯ ಇಂಚು ಅಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಅಳತೆ, ಅಗಲ ಅಲ್ಲ: 43 ಇಂಚಿನ ಟಿವಿ 38 ಇಂಚು ಅಗಲ, 55 ಇಂಚಿನದು 48 ಇಂಚು.

ಬೆಂಕಿಯ ಎದುರು ಗೋಡೆ ಕೊನೆಯ ಆಯ್ಕೆ. ಕೂತವರು ಬೆಂಕಿಗೆ ಬೆನ್ನು ಹಾಕಬೇಕಾಗುತ್ತದೆ, ಉರಿಯ ಬಿಂಬವೂ ಪರದೆಯಲ್ಲಿ ಕುಣಿಯುತ್ತದೆ.

ಟಿವಿ ಎಷ್ಟು ಎತ್ತರದಲ್ಲಿರಬೇಕು?

ದಿನಾ ಕೂರುವ ಜಾಗದಲ್ಲಿ ನೀವೇ ಆರಾಮಾಗಿ ಒರಗಿ ಕೂರಿ. ಮನೆಯವರೊಬ್ಬರು ನೆಲದಿಂದ ನಿಮ್ಮ ಕಣ್ಣಿನವರೆಗೆ ಟೇಪು ಹಿಡಿಯಲಿ. ಪರದೆಯ ನಡುಭಾಗ ಆ ಎತ್ತರಕ್ಕೆ ಬರಬೇಕು, ಹೆಚ್ಚೆಂದರೆ ಅದಕ್ಕಿಂತ ಅರ್ಧ ಅಡಿ ಮೇಲೆ. ನೆಲದಲ್ಲಿ ಕೂರುವುದೇ ಜಾಸ್ತಿ ಎನ್ನುವ ಮನೆಯಲ್ಲಿ ಇನ್ನೂ ತಗ್ಗಿಸಿ. ಗೋಡೆಗೆ ಮೊಳೆ ಹೊಡೆಯುವವರು ನಿಂತುಕೊಂಡು ಗುರುತು ಹಾಕುತ್ತಾರೆ, ಹಾಗಾಗಿಯೇ ಅರ್ಧಕ್ಕರ್ಧ ಮನೆಗಳಲ್ಲಿ ಟಿವಿ ಮೇಲೆ ಹೋಗಿರುತ್ತದೆ.

ನಮ್ಮ ರೂಮು ಹದಿನಾರಕ್ಕೆ ಹನ್ನೆರಡಡಿ. ಎಷ್ಟು ಇಂಚಿನ ಟಿವಿ ಸಾಕು?

ಟಿವಿಯ ಇಂಚನ್ನು 1.2ರಿಂದ 1.6ರವರೆಗೆ ಗುಣಿಸಿ, ಕೂರಬೇಕಾದ ದೂರ ಇಂಚಿನಲ್ಲಿ ಸಿಗುತ್ತದೆ. 55 ಇಂಚಿಗೆ ಐದೂವರೆಯಿಂದ ಏಳೂಕಾಲು ಅಡಿ, 65 ಇಂಚಿಗೆ ಆರೂವರೆಯಿಂದ ಎಂಟೂವರೆ ಅಡಿ ಬರುತ್ತದೆ. ನಿಮ್ಮ ರೂಮಿಗೆ 55 ಸರಿಯಾಗಿ ಹೊಂದುತ್ತದೆ. ವಾರ್ತೆ, ಧಾರಾವಾಹಿಗಷ್ಟೇ ಆದರೆ 43 ಸಾಕು. ಬೆಂಕಿಯ ಪಕ್ಕ ಬೇಕಾದ ಜಾಗವನ್ನು ನುಂಗಿಹಾಕುವಷ್ಟು ದೊಡ್ಡ ಟಿವಿ ತಗೋಬೇಡಿ.

ಬಾಡಿಗೆ ಮನೆ ಅಣ್ಣಾ, ಗೋಡೆ ಮುಟ್ಟಬಾರದು ಅಂತಾರೆ ಓನರ್.

ಮುಟ್ಟಲೇಬೇಕು ಅಂತೇನಿಲ್ಲ. ಟಿವಿ ಜೊತೆ ಬಂದ ಕಾಲುಗಳ ಮೇಲೆ, 20 ಇಂಚು ಎತ್ತರದ ಗಟ್ಟಿ ಮೇಜಿನಲ್ಲಿಟ್ಟರೆ ಕಣ್ಣಿಗೆ ಸರಿಯಾದ ಎತ್ತರವೇ ಸಿಗುತ್ತದೆ. ಚಿಕ್ಕ ಮಕ್ಕಳಿದ್ದರೆ ಟಿವಿಯ ಹಿಂಬದಿಯನ್ನು ಮೇಜಿಗೆ ಪಟ್ಟಿ ಹಾಕಿ ಬಿಗಿಯಿರಿ. ಬಾಗಿ ಬೀಳುವ ಟಿವಿ ಮಕ್ಕಳಿಗೆ ಬಹಳ ಅಪಾಯ.

ನಾವು ಬೆಂಕಿ ಉರಿಸೋದೇ ಇಲ್ಲ. ಆಗ ಮೇಲೆ ಹಾಕಬಹುದಾ?

ಬಿಸಿಯ ಭಯ ಇಲ್ಲ, ಎತ್ತರದ ತೊಂದರೆ ಹಾಗೇ ಇದೆ. ಮ್ಯಾಂಟಲ್ ತಗ್ಗಾಗಿದ್ದು, ಹತ್ತು ಅಡಿಗಿಂತ ದೂರ ಕೂರುವುದಾದರೆ ಒಪ್ಪಬಹುದು. ಪರದೆ ಕೆಳಮುಖವಾಗಿ ಬಾಗುವಂಥ ಬ್ರಾಕೆಟ್ ಹಾಕಿಸಿ.

ಆದರೆ ಹೊಗೆದಾರಿ ಒಮ್ಮೆ ನೋಡಿಸಿ. ಮೇಲಿನ ಬಾಯಿ ತೆರೆದೇ ಇದ್ದರೆ ಮಳೆ, ಮಂಜು ಅಲ್ಲಿಂದಲೇ ಇಳಿಯುತ್ತದೆ. ಹಕ್ಕಿ ಗೂಡು ಕಟ್ಟುತ್ತದೆ, ಜೇನು ಕೂರುತ್ತದೆ. ಮೇಲೆ ಟೋಪಿ ಹಾಕಿಸಿ, ಗಾಳಿ ಆಡಲು ಸಂದು ಉಳಿಸಿ. ಪೂರ್ತಿ ಮುಚ್ಚಿದರೆ ಒಳಗೆ ಥಂಡಿ ಕಟ್ಟಿ ಚಿಮಣಿ ಗೋಡೆಯೇ ಒದ್ದೆಯಾಗುತ್ತದೆ. ಆ ಒದ್ದೆ ಗೋಡೆಗೆ ಟಿವಿ ತಗುಲಿ ಹಾಕುವುದು ಬೇಡ.

ಕತ್ತಲೆ ಸೀನ್ ಬಂದ್ರೆ ಟಿವಿಯಲ್ಲಿ ನಮ್ಮನೆ ಬೆಂಕಿನೇ ಕಾಣುತ್ತೆ!

ಪರದೆ ಆಗ ಕನ್ನಡಿಯಾಗಿಬಿಡುತ್ತದೆ. ಕನ್ನಡಿಯಲ್ಲಿ ಕಾಣುವುದು ನಿಮ್ಮ ಬೆನ್ನ ಹಿಂದಿನದು. ಅಂದರೆ ನಿಮ್ಮ ಮನೆಯಲ್ಲಿ ಬೆಂಕಿ ಟಿವಿಗೆ ಎದುರಾಗಿದೆ. ಟಿವಿಯನ್ನು ಹತ್ತು ಡಿಗ್ರಿ ತಿರುಗಿಸಿದರೂ ಬಿಂಬ ಎಷ್ಟೋ ಸರಿಯುತ್ತದೆ. ನೀವು ಸೋಫಾದಲ್ಲಿ ಕೂತು, ಇನ್ನೊಬ್ಬರಿಗೆ ಮೆಲ್ಲಗೆ ತಿರುಗಿಸಲು ಹೇಳಿ, ಬಿಂಬ ಅಂಚು ದಾಟಿದಲ್ಲಿ ನಿಲ್ಲಿಸಿ. ಸಂಜೆ ಬಿಸಿಲು ಬೀಳುವ ಕಿಟಕಿಗೂ ಇದೇ ಉಪಾಯ.

## ಬಿಸಿ, ಮಸಿ, ಮಂಜು

ಮ್ಯಾಂಟಲ್ ಮೇಲೆ ಕೈ ಇಟ್ರೆ ಅಷ್ಟೇನು ಬಿಸಿ ಇಲ್ಲ. ಆದ್ರೂ ಟಿವಿ ಹಾಳಾಗುತ್ತಾ?

ಕೈಯನ್ನು ನಂಬಬೇಡಿ. ಒಂದು ಥರ್ಮಾಮೀಟರ್ ತನ್ನಿ, ಗೋಡೆಗೆ ನೇತುಹಾಕುವ ಸಾದಾದ್ದು ಸಾಕು. ಟಿವಿಯ ಕೆಳಗಿನ ಅಂಚು ಬರುವ ಜಾಗದಲ್ಲಿ ಟೇಪು ಹಚ್ಚಿ ಅಂಟಿಸಿ. ಚಳಿಗಾಲದ ರಾತ್ರಿ ಉರಿಸುವ ಹಾಗೇ ಎರಡು ಗಂಟೆ ಬೆಂಕಿ ಉರಿಸಿ ನೋಡಿ. ಸುತ್ತಲಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು ಅಂತ ಹೆಚ್ಚಿನ ಟಿವಿಗಳ ಪುಸ್ತಕದಲ್ಲಿ ಬರೆದಿರುತ್ತದೆ. ಟಿವಿ ತನ್ನದೇ ಬಿಸಿಯನ್ನೂ ಅದಕ್ಕೆ ಸೇರಿಸುತ್ತದಲ್ಲ, ಹಾಗಾಗಿ 35 ದಾಟಿದರೇ ನಾನು ಬೇಡ ಅನ್ನುತ್ತೇನೆ.

ಬೆಂಕಿ ಆರಿದ ಮೇಲೂ ನೋಡುವುದು ಇನ್ನೂ ಮುಖ್ಯ. ಚಿಮಣಿ ಗೋಡೆಯ ಕಲ್ಲು, ಇಟ್ಟಿಗೆ ಕುಡಿದ ಬಿಸಿಯನ್ನು ಗಂಟೆಗಟ್ಟಲೆ ಬಿಡುತ್ತಲೇ ಇರುತ್ತದೆ. ನೀವು ಮಲಗಿದ ಮೇಲೂ ಟಿವಿಯ ಬೆನ್ನು ಕಾಯುತ್ತಿರುತ್ತದೆ, ಸೂಕ್ಷ್ಮವಾದ ಸಾಮಾನೆಲ್ಲ ಇರುವುದೇ ಆ ಬೆನ್ನಿನಲ್ಲಿ. ಒಳಗಿನ ಕೆಪಾಸಿಟರ್‌ಗಳ (ಕರೆಂಟ್ ಹಿಡಿದಿಡುವ ಬಿಡಿಭಾಗಗಳ) ಆಯಸ್ಸು ಪ್ರತಿ 10 ಡಿಗ್ರಿ ಹೆಚ್ಚಿದಾಗ ಸುಮಾರು ಅರ್ಧಕ್ಕಿಳಿಯುತ್ತದೆ ಎಂದು ಎಲೆಕ್ಟ್ರಾನಿಕ್ಸ್ ಕಲಿತವರೆಲ್ಲ ಹೇಳುವ ಲೆಕ್ಕ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಓಎಲ್ಇಡಿ ಪರದೆ ಬಿಸಿಗೆ ಇನ್ನೂ ಬೇಗ ಸವೆಯುತ್ತದೆ.

ಕೂನೂರಿನ ಒಂದು ಮನೆಯ ಟಿವಿ ನನಗೆ ಮರೆಯುವುದಿಲ್ಲ. ಬೆಂಕಿಯ ಮೇಲೆ ಹಾಕಿ ಎರಡನೇ ಚಳಿಗಾಲ. ಬಿಳಿ ಬಣ್ಣ ಬಂದಾಗಲೆಲ್ಲ ಕೆಳಗಿನ ಅಂಚಿನಲ್ಲಿ ಗೇಣಗಲದ ಕಂದು ಮಚ್ಚೆ, ಚಹಾ ಚೆಲ್ಲಿದ ಬಟ್ಟೆಯ ಹಾಗೆ. ಮನೆಯವರು ಬಟ್ಟೆ ತಗೊಂಡು ಒರೆಸುತ್ತಲೇ ಇದ್ದರು. ಅದು ಒರೆಸಿದರೆ ಹೋಗುವ ಕಲೆ ಅಲ್ಲ, ಪರದೆಯ ಪದರವೇ ಕಾದು ಕೆಟ್ಟಿತ್ತು. ಬಿಸಿಯಿಂದ ಆದ ಹಾನಿಗೆ ವಾರಂಟಿಯೂ ಸಿಗಲಿಲ್ಲ.

ಟಿವಿ ಮೇಲೇ ಬೇಕು ಅಂತ ಮಗ ಹಟ ಹಿಡಿದಿದ್ದಾನೆ. ಏನಾದ್ರೂ ದಾರಿ ಇದೆಯಾ?

ಇದೆ. ಸೌದೆ ಬಿಟ್ಟು, ಬಿಸಿಯನ್ನು ಮುಂದಕ್ಕೆ ಊದುವ ಕರೆಂಟ್ ಹೀಟರ್ ಅನ್ನು ಬೆಂಕಿಬಾಯಿಯೊಳಗೆ ಕೂರಿಸಬಹುದು. ಸೌದೆಯೇ ಬೇಕಾದರೆ ಮ್ಯಾಂಟಲ್ ಅನ್ನು ಎಂಟು, ಹತ್ತು ಇಂಚು ಚಾಚುವಂತೆ ಮಾಡಿಸಿ, ಮೇಲೇರುವ ಬಿಸಿಗಾಳಿಯನ್ನು ಅದು ಮುಂದಕ್ಕೆ ತಳ್ಳುತ್ತದೆ. ಟಿವಿಗೂ ಗೋಡೆಗೂ ನಡುವೆ ಎರಡು ಇಂಚು ಗಾಳಿ ಬಿಡಿ. ಎಲ್ಲ ಮಾಡಿದ ಮೇಲೆ ಮತ್ತೆ ಥರ್ಮಾಮೀಟರ್ ಹಚ್ಚಿ ನೋಡಿ, ಕೊನೆಯ ಮಾತು ಅದರದ್ದೇ. ಎಳೆದರೆ ಕೆಳಗಿಳಿಯುವ ಬ್ರಾಕೆಟ್ ಕೂಡ ಸಿಗುತ್ತದೆ. ಬೆಂಕಿ ಇರುವಾಗ ಅದನ್ನು ಯಾರೂ ಎಳೆಯದ ಹಾಗೆ ನೋಡಿಕೊಳ್ಳಬೇಕು, ಮನೆಯಲ್ಲಿ ಮಕ್ಕಳಿದ್ದರೆ ನಾನು ಹಾಕಿಕೊಡುವುದಿಲ್ಲ.

ಟಿವಿ ಹಿಂದೆ ಕಪ್ಪು ಕಪ್ಪು ಕೂತಿರುತ್ತೆ. ಅದೇನು?

ಮಸಿ. ಟಿವಿ ಬಿಸಿಯಾದಾಗ ಕೆಳಗಿನ ತೂತುಗಳಿಂದ ಗಾಳಿ ಎಳೆದುಕೊಂಡು ಮೇಲೆ ಬಿಡುತ್ತದೆ. ಗಾಳಿ ಜೊತೆ ಮಸಿ, ಬೂದಿಯ ಪುಡಿಯೂ ಒಳಗೆ ಹೋಗುತ್ತದೆ. ಮಸಿಗೆ ಕರೆಂಟ್ ಹರಿಯುವ ಗುಣ ಇದೆ, ಥಂಡಿ ಸೇರಿದರೆ ಬೋರ್ಡು ಕೆಡುತ್ತದೆ. ಹಸಿ ಸೌದೆ ಉರಿಸಿದರೆ ಮಸಿ ಜಾಸ್ತಿ, ಕಿಡಿಯೂ ಜಾಸ್ತಿ. ಒಂದು ವರ್ಷ ಒಣಗಿಸಿದ ಸೌದೆ ಉರಿಸಿ, ಮಳೆಗಾಲ ಮುಗಿದ ಕೂಡಲೇ ಚಿಮಣಿ ಕ್ಲೀನ್ ಮಾಡಿಸಿ, ಬೆಂಕಿಗೆ ಜಾಲರಿ ಇಡಿ. ಬೂದಿ ತೆಗೆಯುವಾಗ ಟಿವಿ, ಸ್ಪೀಕರ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ. ಪರದೆಯ ಮೇಲಿನ ಮಸಿಯನ್ನು ಒತ್ತಿ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ಮೆತ್ತನೆ ಬ್ರಷ್‌ನಿಂದ ಉದುರಿಸಿ.

ಮನೆ ಆರು ತಿಂಗಳು ಬೀಗ ಹಾಕಿರುತ್ತೆ, ಮೇ ತಿಂಗಳಲ್ಲಿ ಮೈಸೂರಿಂದ ಬರ್ತೀವಿ. ಟಿವಿಗೆ ಏನು ಮಾಡಬೇಕು?

ಇಲ್ಲಿ ಎರಡು ಮಳೆಗಾಲ. ಗೂಡಲೂರು, ಊಟಿ ಕಡೆಗೆ ಜೂನ್‌ನಿಂದ ತೆಂಕಣ ಪಡುವಣದ ಮಳೆ, ಕೂನೂರು, ಕೋಟಗಿರಿಗೆ ಅಕ್ಟೋಬರ್‌ನಿಂದ ಮೂಡಣದ ಮಳೆ ಜೋರು. ಬೀಗ ಹಾಕಿದ ಮನೆಯೊಳಗೆ ಥಂಡಿ ಕಟ್ಟಿ ಬೂಷ್ಟು ಹಿಡಿಯುತ್ತದೆ. ಮನೆ ನೋಡಿಕೊಳ್ಳುವವರಿಗೆ ವಾರಕ್ಕೊಮ್ಮೆ ಒಂದು ಗಂಟೆ ಟಿವಿ ಹಚ್ಚಿಡಲು ಹೇಳಿ, ತನ್ನದೇ ಬಿಸಿಗೆ ಒಳಗಿನ ತೇವ ಆರುತ್ತದೆ. ಉಳಿದ ದಿನ ಪ್ಲಗ್ ಕಿತ್ತಿಡಲಿ. ಸಿಡಿಲಿನ ದಿನಗಳಲ್ಲಿ ಡಿಶ್ ಕೇಬಲ್ ಕೂಡ ಕಿತ್ತಿಡಬೇಕು. ಪ್ಲಾಸ್ಟಿಕ್ ಹೊದಿಸಬೇಡಿ, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತಿ ಬಟ್ಟೆ ಸಾಕು.

ಹಳೇ ಸ್ಪೀಕರ್‌ಗಳ ಕೋನಿನ ಸುತ್ತ ಸ್ಪಂಜಿನ ಬಳೆ ಇದ್ದರೆ ಅದು ಈ ಹವೆಯಲ್ಲಿ ಪುಡಿಪುಡಿಯಾಗುತ್ತದೆ. ಹೊಸದು ತಗೊಳ್ಳುವಾಗ ರಬ್ಬರ್ ಬಳೆಯದ್ದೇ ಕೇಳಿ.

ಇನ್ನೊಂದು ಮಾತು. ಘಾಟಿ ಹತ್ತಿ ತಂದ ತಣ್ಣನೆ ಟಿವಿಯನ್ನು ಬೆಂಕಿ ಉರಿಯುವ ಕೋಣೆಯಲ್ಲಿ ತಕ್ಷಣ ಹಚ್ಚಬೇಡಿ. ಫ್ರಿಜ್‌ನಿಂದ ತೆಗೆದ ಬಾಟಲಿಯ ಹಾಗೆ ಒಳಗೆಲ್ಲ ಬೆವರಿರುತ್ತದೆ. ಮೂರು ನಾಲ್ಕು ಗಂಟೆ ಬಿಡಿ. ತರುವಾಗಲೂ ಟಿವಿಯನ್ನು ಮಲಗಿಸದೆ ನಿಲ್ಲಿಸಿಯೇ ತನ್ನಿ. ಕಲ್ಹಟ್ಟಿ ದಾರಿಯ 36 ತಿರುವುಗಳಲ್ಲಿ ಮಲಗಿಸಿದ ಗಾಜು ಉಳಿಯುವುದು ಕಷ್ಟ.

ಊಟಿ ಎತ್ತರಕ್ಕೂ ಟಿವಿಗೂ ಏನಾದ್ರೂ ಸಂಬಂಧ ಇದೆಯಾ?

ಸ್ವಲ್ಪ ಇದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕೆಳಗಿನದಕ್ಕಿಂತ ಸುಮಾರು ಐದನೇ ಒಂದು ಪಾಲು ತೆಳು. ತೆಳು ಗಾಳಿ ಬಿಸಿಯನ್ನು ಹೊತ್ತೊಯ್ಯುವುದು ಕಡಿಮೆ. ಊರು ತಣ್ಣಗಿರುವುದರಿಂದ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ಬೆಂಕಿಯ ಹತ್ತಿರವೋ ಮುಚ್ಚಿದ ಕಪಾಟಿನಲ್ಲೋ ಇಟ್ಟಾಗ ಗೊತ್ತಾಗುತ್ತದೆ. ಆಂಪ್ಲಿಫೈಯರ್ ಸುತ್ತ ನಾಲ್ಕು ಇಂಚು, ಮೇಲೆ ಅರ್ಧ ಅಡಿ ಜಾಗ ಬಿಡಿ. ಹಳೇ ಪ್ಲಾಸ್ಮಾ ಟಿವಿ ಇರುವವರು "ಗುಂಯ್ ಅನ್ನುತ್ತೆ" ಅಂತ ಕರೆಯುತ್ತಾರೆ. ಅದು ಈ ಎತ್ತರಕ್ಕೇ ಬರುವ ಸದ್ದು, ಟಿವಿ ಕೆಟ್ಟಿದ್ದಲ್ಲ.

ಚಿಮಣಿ ಗೋಡೆಗೆ ಡ್ರಿಲ್ ಹಾಕಬಹುದಾ? ಗೋಡೆ ಎರಡಡಿ ದಪ್ಪ ಇದೆ.

ದಪ್ಪ ಇದ್ದರೂ ಒಳಗೆ ಪೊಳ್ಳು, ಅಲ್ಲೇ ಹೊಗೆದಾರಿ ಇರುವುದು. ಊಟಿಯಲ್ಲಿ ಬ್ರಿಟಿಷರು ಮನೆ ಕಟ್ಟಲು ಶುರು ಮಾಡಿದ್ದು 1820ರ ದಶಕದಲ್ಲಿ. ಆಗಿನ ಕೊಯಮತ್ತೂರು ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ ಕಲ್ಲುಮನೆ ಇಂದಿಗೂ ಸರ್ಕಾರಿ ಕಲಾ ಕಾಲೇಜಿನಲ್ಲಿ ನಿಂತಿದೆ. ಆ ಕಾಲದ ಗೋಡೆಗಳದ್ದು ಸುಣ್ಣದ ಗಾರೆ. ಡ್ರಿಲ್ ತಾಗಿದರೆ ಹಿಟ್ಟಿನ ಹಾಗೆ ಉದುರುತ್ತದೆ, ಸ್ಕ್ರೂ ಹಿಡಿಯುವ ಪ್ಲಗ್ ನಿಲ್ಲುವುದಿಲ್ಲ. ಬಿರುಕು ಬಿಟ್ಟರೆ ಹೊಗೆ ಕೋಣೆಗೇ ಬರುತ್ತದೆ. ಗಾರೆ ಬಿಟ್ಟು ಕಲ್ಲಿಗೋ ಇಟ್ಟಿಗೆಗೋ ಮೆಲ್ಲಗೆ, ಡ್ರಿಲ್‌ನ ಬಡಿಯುವ (ಹ್ಯಾಮರ್) ಸ್ವಿಚ್ ಆಫ್ ಮಾಡಿ ತೂತು ಹಾಕಬೇಕು, ಎರಡೂವರೆ ಇಂಚಿಗಿಂತ ಆಳ ಬೇಡ. ವೈರನ್ನು ಚಿಮಣಿ ಒಳಗಿಂದ ಎಳೆಯುವುದಂತೂ ಯಾವತ್ತೂ ಬೇಡ.

## ಸ್ಪೀಕರ್ ವಿಷಯ

ಸೌಂಡ್‌ಬಾರ್ ಮ್ಯಾಂಟಲ್ ಮೇಲಿಟ್ರೆ ಸಾಕಲ್ವಾ?

ಟಿವಿ ಕೆಳಗೆ ಪಕ್ಕದಲ್ಲೆಲ್ಲೋ, ಸದ್ದು ಮ್ಯಾಂಟಲ್‌ನಿಂದ. ಹಾಗಾದರೆ ಆಡುವ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಅರ್ಧ ಗಂಟೆಯಲ್ಲಿ ತಲೆ ನೋಯುತ್ತದೆ. ಸೌಂಡ್‌ಬಾರ್, ಅಂದರೆ ಆ ಉದ್ದನೆಯ ಪಟ್ಟಿಯಂಥ ಸ್ಪೀಕರ್, ಟಿವಿಯ ಕೆಳಗೇ ಇರಬೇಕು, ಮೇಜಿನ ಮುಂದಿನ ಅಂಚಿಗೆ ಸರಿಯಾಗಿ.

ಫೈರ್‌ಪ್ಲೇಸ್‌ನ ಎರಡೂ ಬದಿ ಒಂದೊಂದು ಸ್ಪೀಕರ್ ಇಟ್ಟಿದ್ದೀನಿ, ಹಾಡು ಡಬ್ಬದೊಳಗಿಂದ ಬಂದ ಹಾಗಿದೆ.

ಸ್ಪೀಕರ್ ಗೂಡಿನೊಳಗೆ ಹೋಗಿ ಕೂತಿದೆ, ಅಷ್ಟೇ. ಹಿಂದೆ ಗೋಡೆ, ಒಂದು ಪಕ್ಕ ಚಿಮಣಿ ಗೋಡೆ, ಇನ್ನೊಂದು ಪಕ್ಕ ಮನೆಗೋಡೆ. ಮೂರೂ ಕಡೆಯಿಂದ ದಪ್ಪ ಸದ್ದು (ಬೇಸ್) ತಿರುಗಿ ಬಂದು ಉಬ್ಬುತ್ತದೆ. ಸ್ಪೀಕರ್‌ನ ಮುಖ ಚಿಮಣಿ ಗೋಡೆಗಿಂತ ಮುಂದೆ ಬರುವಷ್ಟು ಎಳೆಯಿರಿ. ಗೂಡಿನಲ್ಲಿ ಪುಸ್ತಕದ ಶೆಲ್ಫ್ ಇಟ್ಟರೆ ಇನ್ನೂ ಒಳ್ಳೆಯದು, ಎತ್ತರ ತಗ್ಗಿನ ಪುಸ್ತಕಗಳು ಸದ್ದನ್ನು ಚೆದುರಿಸುತ್ತವೆ.

ಎರಡು ಸ್ಪೀಕರ್ ಮತ್ತು ನೀವು, ಮೂರೂ ಸೇರಿ ಮೂರು ಬದಿಯೂ ಸಮ ಇರುವ ತ್ರಿಕೋನವಾಗಬೇಕು. ಸ್ಪೀಕರ್‌ಗಳ ನಡುವೆ ಏಳು ಅಡಿ ಇದ್ದರೆ ನೀವೂ ಏಳು ಅಡಿ ದೂರ. ಟ್ವೀಟರ್ (ಎತ್ತರದ ಸ್ವರಗಳು ಬರುವ ಚಿಕ್ಕ ಸ್ಪೀಕರ್) ಕಿವಿಯ ಎತ್ತರಕ್ಕೆ, ಮುಖ ಸ್ವಲ್ಪ ನಿಮ್ಮ ಕಡೆ. ಟಿವಿ ಒಂದು ಗೂಡಿನಲ್ಲಿದ್ದರೆ ಈ ತ್ರಿಕೋನದ ನಡು ಟಿವಿಗೆ ಬರಬೇಕು, ಬೆಂಕಿಗೆ ಅಲ್ಲ. ನೋಡಲು ಓರೆಯಾಗಿ ಕಾಣಬಹುದು. ಕಣ್ಣು ಮುಚ್ಚಿ ಕೇಳಿ, ಆಮೇಲೆ ಹೇಳಿ.

ಒಂದೊಂದು ಹಾಡಿಗೆ ಮಾತ್ರ ಗಿರ್ರ್ ಅಂತ ಸದ್ದು. ಸ್ಪೀಕರ್ ಹರಿದಿದೆಯಾ?

ಕೋಟಗಿರಿಯ ಒಂದು ಮನೆಯಲ್ಲಿ ಇದೇ ದೂರು. ಸ್ಪೀಕರ್ ಎರಡು ಸಲ ರಿಪೇರಿಗೆ ಹೋಗಿ ಬಂದಿತ್ತು. ನಾನು ಹಾಡು ಹಾಕಿಸಿ, ನೆಲದ ಮೇಲೆ ಕೂತು ಕಿವಿ ಕೊಟ್ಟೆ. ಡೋಲಿನ ಒಂದು ಪೆಟ್ಟು ಬಿದ್ದಾಗ ಮಾತ್ರ ಗಿರ್ರ್. ಬೆಂಕಿಯ ಪಕ್ಕ ಹಿತ್ತಾಳೆ ಸ್ಟಾಂಡಿನಲ್ಲಿ ಇಕ್ಕಳ, ಕೆದಕುವ ಸಲಾಕೆ, ಚಿಕ್ಕ ಸಲಿಕೆ ನೇತಾಡುತ್ತಿದ್ದವು. ಇಕ್ಕಳದ ಒಂದು ಕಾಲು ಸ್ಟಾಂಡಿಗೆ ಕೂದಲೆಳೆಯಷ್ಟು ತಾಗುತ್ತಿತ್ತು. ಬೆರಳಿನಿಂದ ಹಿಡಿದೆ, ಸದ್ದು ನಿಂತಿತು. ಬಿಟ್ಟೆ, ಮತ್ತೆ ಗಿರ್ರ್. ಹಳೇ ಕಂಬಳಿಯ ಒಂದು ತುಂಡು ಕತ್ತರಿಸಿ ನಡುವೆ ಸುತ್ತಿದೆವು. ಅಲ್ಲಿಗೆ ಮುಗಿಯಿತು.

ಫೈರ್‌ಪ್ಲೇಸ್ ಸುತ್ತ ಕಬ್ಬಿಣದ ಸಾಮಾನು ಬಹಳ: ಸೌದೆ ಇಡುವ ತುರಿ, ಜಾಲರಿ, ಹೊಗೆದಾರಿಯ ಮುಚ್ಚಳ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ, ಬೆಂಕಿ ಪೂರ್ತಿ ಆರಿದಾಗ ಮಾತ್ರ.

ಹಾಡು ಚೆನ್ನಾಗಿ ಕೇಳುತ್ತೆ, ಮಾತು ಮಾತ್ರ ಅರ್ಥ ಆಗಲ್ಲ.

ಕೋಣೆ ಖಾಲಿ ಖಾಲಿ ಇರಬೇಕು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ ಅಂತ ಬಾಲ ಉಳಿದರೆ ಕಲ್ಲು, ಗಾಜು, ಮರದ ನೆಲ ಸದ್ದನ್ನು ಎಸೆದಾಡುತ್ತಿವೆ. ನಿಮಗೂ ಸ್ಪೀಕರ್‌ಗೂ ನಡುವೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿ. ಚಳಿಗೂ ಇದೇ ಮದ್ದು, ಹಾಗಾಗಿ ದುಡ್ಡು ಎರಡು ಕಡೆ ಕೆಲಸ ಮಾಡುತ್ತದೆ. ಜಮಖಾನ ಬೆಂಕಿಬಾಯಿಗೆ ಮೂರು ಅಡಿ ಒಳಗೆ ಬರಬಾರದು, ಒಂದು ಕಿಡಿ ಸಾಕು.

ಸೆಂಟರ್ ಸ್ಪೀಕರ್ ಇಡೋಕೆ ಜಾಗನೇ ಇಲ್ಲ, ಬೆಂಕಿ ಮುಂದಿನ ಕಲ್ಲಿನ ಮೇಲೆ ಇಡ್ಲಾ?

ಖಂಡಿತ ಬೇಡ. ಸೆಂಟರ್, ಅಂದರೆ ಮಾತು ಬರುವ ನಡುವಿನ ಸ್ಪೀಕರ್, ಇಲ್ಲದೆಯೂ ನಡೆಯುತ್ತದೆ. ಆಂಪ್ಲಿಫೈಯರ್ ಸೆಟ್ಟಿಂಗ್‌ನಲ್ಲಿ ಸೆಂಟರ್ ಇಲ್ಲ ಅಂತ ಕೊಡಿ, ಮಾತು ಎರಡೂ ಸ್ಪೀಕರ್‌ಗೆ ಸಮನಾಗಿ ಹೋಗುತ್ತದೆ. ನಡುವೆ ಕೂತವರಿಗೆ ಪರದೆಯಿಂದಲೇ ಬಂದ ಹಾಗೆ ಕೇಳುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ದೊಡ್ಡ ಸ್ಪೀಕರ್ ತಂದೆ, ಆದ್ರೂ ಬೇಸ್ ಎಲ್ಲೋ ಮಾಯ ಆಗಿದೆ.

ಸ್ಪೀಕರ್‌ನಿಂದ ಹಿಂದಕ್ಕೆ ಹೋದ ದಪ್ಪ ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಅದು ಒಂದು ಕಂಪನಾಂಕದಲ್ಲಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಳತೆ ಹರ್ಟ್ಜ್‌ನಲ್ಲಿ) ಮುಂದಿನ ಸದ್ದಿಗೆ ಸರಿಯಾಗಿ ಉಲ್ಟಾ ಬಂದು ಅದನ್ನು ಅಳಿಸುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದನ್ನು ಗೋಡೆಯ ದೂರದ ನಾಲ್ಕರಷ್ಟರಿಂದ ಭಾಗಿಸಿ, ಇಲ್ಲಿ ಮಾತ್ರ ದೂರ ಮೀಟರಿನಲ್ಲಿರಲಿ. ಸ್ಪೀಕರ್‌ನ ಮುಖ ಗೋಡೆಯಿಂದ ಎರಡು ಅಡಿ ಇದ್ದರೆ 140 ಹರ್ಟ್ಜ್ ಹತ್ತಿರ ಸದ್ದು ತಗ್ಗಿ ಹಳ್ಳ ಬೀಳುತ್ತದೆ, ಮೂರು ಅಡಿಯಾದರೆ 93ರ ಹತ್ತಿರ. ಹಿಂದಿನ ಗೋಡೆಗೂ ಪಕ್ಕದ ಗೋಡೆಗೂ ಒಂದೇ ದೂರ ಇಟ್ಟರೆ ಎರಡು ಹಳ್ಳ ಒಂದೇ ಕಡೆ ಬಿದ್ದು ಇನ್ನೂ ಆಳವಾಗುತ್ತದೆ. ಒಂದಕ್ಕೆ ಎರಡಡಿ ಇದ್ದರೆ ಇನ್ನೊಂದಕ್ಕೆ ಮೂರಡಿ ಇಡಿ.

ಕೋಣೆಗೂ ಅದರದೇ ದನಿ ಇರುತ್ತದೆ. 16 ಅಡಿ ಉದ್ದಕ್ಕೆ 35 ಹರ್ಟ್ಜ್ ಹತ್ತಿರ, 12 ಅಡಿ ಅಗಲಕ್ಕೆ 47 ಹತ್ತಿರ ಸದ್ದು ಉಬ್ಬುತ್ತದೆ. ಕೋಣೆಯ ನಟ್ಟನಡುವೆ ಕೂತರೆ ಆ ಸ್ವರಗಳು ತೆಳುವಾಗುತ್ತವೆ, ಗೋಡೆಗೆ ಒರಗಿ ಕೂತರೆ ಗುಡುಗುತ್ತವೆ. ಹೊಸ ಸ್ಪೀಕರ್ ತರುವ ಮುಂಚೆ ಸೋಫಾ ಒಂದಡಿ ಸರಿಸಿ ನೋಡಿ.

ಸಬ್‌ವೂಫರ್ ಎಲ್ಲಿ? ಖಾಲಿ ಫೈರ್‌ಪ್ಲೇಸ್ ಒಳಗೇ ಇಟ್ರೆ ಮುಚ್ಚಿಹೋಗುತ್ತೆ ಅಂತ ಹೆಂಡತಿ ಅಂತಾಳೆ.

ಸಬ್‌ವೂಫರ್ ಅಂದರೆ ದಪ್ಪ ಸದ್ದಿಗೇ ಮೀಸಲಾದ ಸ್ಪೀಕರ್. ಅಲ್ಲಿಟ್ಟರೆ ಅಂದ ಚೆನ್ನಾಗಿರುತ್ತದೆ, ಸದ್ದು ಕೆಡುತ್ತದೆ. ಮೂರು ಕಡೆ ಇಟ್ಟಿಗೆ, ಮೇಲೆ ಉದ್ದನೆಯ ಕೊಳವೆ. ಕೊಳವೆಗೆ ಇಷ್ಟವಾದ ಸ್ವರ ಮಾತ್ರ ಬೋಂ ಅನ್ನುತ್ತದೆ. ಮೇಲಿಂದ ಮಳೆಹನಿ, ಮಸಿ ಬೇರೆ ಬೀಳುತ್ತದೆ.

ಜಾಗ ಹುಡುಕಲು ಒಂದು ಹಳೇ ಉಪಾಯ ಇದೆ. ಸಬ್‌ವೂಫರನ್ನು ನೀವು ಕೂರುವ ಸೋಫಾದ ಮೇಲೇ ಇಟ್ಟು, ಬೇಸ್ ಚೆನ್ನಾಗಿರುವ ಹಾಡು ಹಾಕಿ. ನೀವು ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಹೋಗುತ್ತಾ ಕೇಳಿ. ಎಲ್ಲಿ ಪ್ರತಿ ಸ್ವರವೂ ಸಮನಾಗಿ ಕೇಳುತ್ತದೋ ಸಬ್‌ವೂಫರ್ ಅಲ್ಲಿಗೆ. ಕ್ರಾಸ್‌ಓವರ್ (ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಅನ್ನುವ ಸೆಟ್ಟಿಂಗ್) 80 ಹರ್ಟ್ಜ್‌ನಿಂದ ಶುರು ಮಾಡಿ.

ಅಟ್ಮಾಸ್ ಸೌಂಡ್‌ಬಾರ್ ತಂದ್ವಿ, ಮೇಲಿಂದ ಸದ್ದೇ ಬರಲ್ಲ.

ನಿಮ್ಮ ಮನೆ ಸೂರು ಇಳಿಜಾರಾಗಿದೆಯಾ? ಅಟ್ಮಾಸ್ ಅಂದರೆ ಮೇಲಿನಿಂದಲೂ ಸದ್ದು ಕೇಳಿಸುವ ವ್ಯವಸ್ಥೆ, ಆ ಸ್ಪೀಕರ್‌ಗಳು ಸದ್ದನ್ನು ಸೂರಿಗೆ ಹೊಡೆದು ನಿಮ್ಮ ಮೇಲೆ ಬೀಳಿಸುತ್ತವೆ. ಅದಕ್ಕೆ ಸಮತಟ್ಟಾದ, ಗಟ್ಟಿಯಾದ, ಏಳೂವರೆಯಿಂದ ಹನ್ನೆರಡು ಅಡಿ ಎತ್ತರದ ಸೂರು ಬೇಕು. ಬಂಗಲೆಗಳ ಇಳಿಜಾರು ಮರದ ಸೂರಿನಿಂದ ಸದ್ದು ಬೇರೆಲ್ಲಿಗೋ ಹೋಗಿಬಿಡುತ್ತದೆ. ಅಂಥ ಮನೆಗೆ ಸಾದಾ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸಾಕು. ಹಿಂದಿನ ಎರಡು ಸ್ಪೀಕರ್‌ಗಳನ್ನು ನಿಮ್ಮ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ನೇರ ಮುಂದಿನಿಂದ ಅಳೆದರೆ 110 ಡಿಗ್ರಿ ಸುಮಾರಿಗೆ, ಕಿವಿಗಿಂತ ಸ್ವಲ್ಪ ಮೇಲೆ ಇಡಿ. ಒಂದು ಬದಿ ಬೆಂಕಿ ಬಂದರೆ ಆ ಸ್ಪೀಕರನ್ನು ಇನ್ನಷ್ಟು ಹಿಂದಕ್ಕೆ ಒಯ್ಯಿರಿ, ದೂರದ ವ್ಯತ್ಯಾಸವನ್ನು ಸೆಟ್ಟಿಂಗ್‌ನಲ್ಲಿ ಸರಿಮಾಡಬಹುದು.

ವೈರು ಬೆಂಕಿ ದಾಟಿ ಆ ಬದಿಗೆ ಹೋಗಬೇಕು. ಹೇಗೆ?

ಬೆಂಕಿಬಾಯಿಯ ಮುಂದೆ ಜಮಖಾನದಡಿಯಲ್ಲಿ ಬೇಡ, ಮ್ಯಾಂಟಲ್ ಕೆಳಗೂ ಬೇಡ. ಉಳಿದ ಮೂರು ಗೋಡೆ ಸುತ್ತಿಸಿ ತನ್ನಿ. ಉದ್ದ ಜಾಸ್ತಿಯಾಗುವುದರಿಂದ 2.5 ಚದರ ಮಿಲಿಮೀಟರ್ ವೈರ್ ಹಾಕಿ. ಎಡ ಬಲ ಎರಡಕ್ಕೂ ಒಂದೇ ದಪ್ಪದ ವೈರ್ ಇರಲಿ. ಟಿವಿಗೆ ಚಿತ್ರ, ಸದ್ದು ಒಯ್ಯುವ ಸಾದಾ ಎಚ್‌ಡಿಎಂಐ ಕೇಬಲ್ ಅನ್ನು 4ಕೆ ಚಿತ್ರಕ್ಕೆ ಐದು ಮೀಟರ್‌ವರೆಗೆ ನಂಬಬಹುದು, ಅದಕ್ಕಿಂತ ಉದ್ದಕ್ಕೆ ಒಳಗೆ ಫೈಬರ್ ಇರುವ ಕೇಬಲ್ ತಗೊಳ್ಳಿ.

ಸೌಂಡ್ ಪಕ್ಕದ ಮನೆಗೆ ಹೋಗಬಾರದು ಅಂತ ಕಿಟಕಿ ಬಾಗಿಲ ಸಂದೆಲ್ಲ ಮುಚ್ಚಿಸ್ತಿದ್ದೀವಿ. ಸರಿನಾ?

ಬೆಂಕಿ ಉರಿಸುವ ಕೋಣೆಯಲ್ಲಿ ಸರಿಯಲ್ಲ. ದಯವಿಟ್ಟು ನಿಲ್ಲಿಸಿ. ಬೆಂಕಿಗೆ ಗಾಳಿ ಬೇಕು. ಹೊರಗಿನ ಗಾಳಿ ಒಳಬರದಿದ್ದರೆ ಹೊಗೆ ಮೇಲೆ ಹೋಗದೆ ಕೋಣೆಗೇ ತಿರುಗುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ನಿದ್ದೆ ಬಂದ ಹಾಗಾಗುವುದು, ಅಷ್ಟರಲ್ಲೇ ಜೀವ ಹೋಗಬಹುದು. ಕೆಂಡದ ಒಲೆಯನ್ನು ಮುಚ್ಚಿದ ಕೋಣೆಗೆ ತಂದರೂ ಇದೇ ಅಪಾಯ. ಒಂದು ಕಿಟಕಿ ಎರಡು ಬೆರಳು ತೆರೆದಿರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಂದಿಡಿ, ನಾನು ಹೋದ ಮನೆಗಳಲ್ಲೆಲ್ಲ ಸ್ಪೀಕರ್‌ಗಿಂತ ಮೊದಲು ಇದನ್ನು ಹೇಳುತ್ತೇನೆ. ರಾತ್ರಿ ಸದ್ದು ಕಡಿಮೆ ಮಾಡಲು ಸಬ್‌ವೂಫರ್ ಆಫ್ ಮಾಡಿ, ಗೋಡೆ ದಾಟುವುದು ಮುಖ್ಯವಾಗಿ ದಪ್ಪ ಸದ್ದೇ.

ಅಪ್ಪ ಬೆಂಕಿ ಪಕ್ಕದ ಕುರ್ಚಿ ಬಿಟ್ಟು ಏಳಲ್ಲ. ಅಲ್ಲಿಂದ ಟಿವಿ ಓರೆ. ಕಿವಿನೂ ಸ್ವಲ್ಪ ಮಂದ.

ಆ ಕುರ್ಚಿ ಅಲ್ಲೇ ಇರಲಿ, ಉಳಿದದ್ದನ್ನು ಅದರ ಸುತ್ತ ಹೊಂದಿಸೋಣ. ಟಿವಿ ಇನ್ನೂ ತಗೊಂಡಿಲ್ಲದಿದ್ದರೆ ಐಪಿಎಸ್ (ಎಲ್‌ಸಿಡಿಯ ಒಂದು ಬಗೆ) ಅಥವಾ ಓಎಲ್ಇಡಿ ಪರದೆಯದ್ದು ನೋಡಿ, ಓರೆಯಿಂದಲೂ ಬಣ್ಣ ಮಾಸುವುದಿಲ್ಲ. ಎಲ್‌ಸಿಡಿಯ ಇನ್ನೊಂದು ಬಗೆಯಾದ ವಿಎ ಪರದೆ ನೇರ ಕೂತವರಿಗೆ ಚೆನ್ನ, ಪಕ್ಕದವರಿಗೆ ಬಣ್ಣ ಮಾಸಿದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಟಿವಿಯ ಎದುರು ನಿಲ್ಲದೆ ಅಪ್ಪನ ಕುರ್ಚಿಯ ಓರೆಯಲ್ಲೇ ನಿಂತು ನೋಡಿ. ಎಡಕ್ಕೆ ಬಲಕ್ಕೆ ತಿರುಗುವ ತೋಳಿನ ಬ್ರಾಕೆಟ್ ಹಾಕಿದರೆ ಅವರು ವಾರ್ತೆ ನೋಡುವ ಹೊತ್ತಿಗೆ ಆ ಕಡೆ ತಿರುಗಿಸಬಹುದು.

ಕಿವಿ ಮಂದ ಅಂತ ಇಡೀ ಮನೆಗೆ ಸದ್ದು ಏರಿಸಬೇಡಿ. ಟಿವಿಯ ಆಡಿಯೋ ಔಟ್‌ಗೆ ವೈರ್ ಹಾಕಿ, ಕುರ್ಚಿಯ ಪಕ್ಕ ಸ್ಟೂಲಿನ ಮೇಲೆ ಒಂದು ಚಿಕ್ಕ ಸ್ಪೀಕರ್ ಇಡಿ, ಅದರ ವಾಲ್ಯೂಮ್ ಗುಬ್ಬಿ ಅವರ ಕೈಗೆ ಸಿಗುವ ಹಾಗೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಮಾತು ಒಂದು ಚಿಟಿಕೆಯಷ್ಟು ತಡವಾಗಿ ಬರುತ್ತದೆ, ಎರಡು ಸದ್ದು ಸೇರಿ ಪ್ರತಿಧ್ವನಿಯಾಗುತ್ತದೆ, ಅದಕ್ಕೇ ವೈರ್ ಅಂದೆ. ಸ್ಟೂಲನ್ನು ಕುರ್ಚಿಯ ಆಚೆ ಬದಿಗೆ, ಬೆಂಕಿಯಿಂದ ದೂರದ ಬದಿಗೆ ಇಡಿ.